ನಾನು ಟಾರ್ಗೆಟ್ ಹತ್ರ ಇದ್ದಾಗ ಪಕ್ಕದ ಲೇನಿನವರು ರೈಫಲ್ ಮುಟ್ಟಿದರು, ನಾನು ಬಾಯಿ ಬಿಡಲಿಲ್ಲ

ಹೊಸಗುರಿ:

ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಾಲ್ಕು ತಿಂಗಳಿಂದ ಸಾರ್ವಜನಿಕ ಶೂಟಿಂಗ್ ರೇಂಜ್‌ಗೆ ಹೋಗ್ತಿದ್ದೀನಿ. .22 ಬೋಲ್ಟ್ ರೈಫಲ್ (ಸಣ್ಣ ತೋಟಾದ್ದು, ಪ್ರತಿ ಸಲ ಬೋಲ್ಟ್ ಅನ್ನೋ ಹಿಡಿಯನ್ನ ಕೈಯಲ್ಲೇ ಎಳೆದು ತೋಟಾ ಹಾಕೋದು), 50 ಮೀಟರ್, ಟೇಬಲ್ ಮೇಲೆ ಮರಳು ಚೀಲ ಇಟ್ಟುಕೊಂಡು ಹೊಡೆಯೋದು. ವಾರದ ಮಧ್ಯೆ ಹೋದರೆ ನಾನು, ರೇಂಜ್ ಆಫೀಸರ್, ಇನ್ನೊಬ್ಬರೋ ಇಬ್ಬರೋ. ಭಾನುವಾರ ಮಾತ್ರ ಜಾತ್ರೆ. ಹನ್ನೆರಡು ಲೇನೂ ತುಂಬಿ, ಹಿಂದಿನ ಬೆಂಚಲ್ಲಿ ಇನ್ನೂ ಏಳೆಂಟು ಜನ ಕಾಯ್ತಾ ಕೂತಿರ್ತಾರೆ.

ಹೋದ ಭಾನುವಾರ ನನ್ನದು ಒಂಬತ್ತನೇ ಲೇನು. ಆಫೀಸರ್ "ಸೀಸ್ ಫೈರ್" ಕೂಗಿದರು. ಎಲ್ಲರೂ ತೋಟಾ ತೆಗೆದು, ಬೋಲ್ಟ್ ಹಿಂದಕ್ಕೆಳೆದು, ರೈಫಲ್ ಟೇಬಲ್ ಮೇಲಿಟ್ಟು ಹಳದಿ ಗೆರೆಯಿಂದ ಹಿಂದಕ್ಕೆ ಬಂದೆವು. ಅವರು ನೋಡಿಕೊಂಡು ಬಂದು ಹೋಗಬಹುದು ಅಂದ ಮೇಲೆ ಪೇಪರ್ ಬದಲಾಯಿಸೋಕೆ ಹೊರಟೆವು. ನಾನು ಮೂರನೇ ಮೂಲೆಗೆ ಸ್ಟೇಪ್ಲರ್ ಒತ್ತುತ್ತಿದ್ದೆ. ಯಾಕೆ ಹಿಂತಿರುಗಿ ನೋಡಿದೆನೋ ಗೊತ್ತಿಲ್ಲ. ಹತ್ತನೇ ಲೇನಿನವರು ಪೇಪರ್ ಬದಲಾಯಿಸೋಕೆ ಬಂದೇ ಇರಲಿಲ್ಲ. ಟೇಬಲ್ ಮೇಲೆ ಬಗ್ಗಿ, ಸ್ಕೋಪಿಗೆ ಕಣ್ಣಿಟ್ಟು, ಬಲಗೈಯಲ್ಲಿ ರೈಫಲ್ಲಿನ ಹಿಂಭಾಗ ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ಸರಿಸ್ತಾ ಇದ್ದಾರೆ. ಸ್ಕೋಪಿನ ಗಾಜು ಬಿಸಿಲಿಗೆ ಫಳಕ್ ಅಂತು. ಹೊಟ್ಟೆಯೊಳಗೆ ಏನೋ ಕಳಚಿ ಬಿದ್ದ ಹಾಗಾಯ್ತು.

ನಾನೇನು ಮಾಡಿದೆ? ನಾಲ್ಕನೇ ಮೂಲೆಗೂ ಸ್ಟೇಪಲ್ ಹೊಡೆದೆ. ವಾಪಸ್ ಬಂದೆ. ಸುಮ್ಮನೆ ಕೂತೆ. ಆಫೀಸರ್ ಆಗ ಎರಡನೇ ಲೇನಿನ ಹತ್ರ ಯಾರಿಗೋ ಏನೋ ತಿಳಿಸಿ ಹೇಳ್ತಿದ್ದರು, ನೋಡಿರಲಿಲ್ಲ. ಆ ಯಜಮಾನರು ವಯಸ್ಸಿನಲ್ಲೂ ಅನುಭವದಲ್ಲೂ ನನಗಿಂತ ಎಷ್ಟೋ ದೊಡ್ಡವರು. ಬೆಳಿಗ್ಗೆಯಷ್ಟೇ ನನ್ನ ಸ್ಕೋಪಿನ ಸಡಿಲ ಸ್ಕ್ರೂ ತೋರಿಸಿ ತಮ್ಮದೇ ಕೀಲಿಯಲ್ಲಿ ಬಿಗಿ ಮಾಡಿ ಕೊಟ್ಟಿದ್ದರು. ಅವರಿಗೆ ನಾನು ಪಾಠ ಹೇಳೋದಾ ಅನ್ನಿಸಿತು.

ಅವರ ಬೋಲ್ಟ್ ತೆರೆದೇ ಇತ್ತು, ವಾಪಸ್ ಬಂದಾಗ ಕಂಡೆ. ಆದರೂ ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ. ಇಂಥಾ ಹೊತ್ತಲ್ಲಿ ನೀವಾದರೆ ಏನು ಮಾಡ್ತೀರಿ?

ಬಂದಿದ್ದಕ್ಕೆ ಇನ್ನೆರಡು ಕೇಳಿಬಿಡ್ತೀನಿ. ಪಕ್ಕದವರ ಬಿಸಿ ಕೇಸ್ (ಹೊಡೆದ ತೋಟಾದ ಖಾಲಿ ಕವಚ) ಬಂದು ಕುತ್ತಿಗೆಗೆ ಬಿದ್ದರೆ ಅವರಿಗೆ ಹೇಳಬಹುದಾ? ನನ್ನ ಟಾರ್ಗೆಟ್‌ನಲ್ಲಿ ನಾನು ಹೊಡೆಯದ ತೂತು ಇದ್ದರೆ ಏನು ಮಾಡಬೇಕು?

ಎಡಗೈಯವನು:

ಮೊದಲನೇದಕ್ಕೆ ದೊಡ್ಡವರು ಯಾರಾದರೂ ಹೇಳ್ತಾರೆ. ಕೇಸ್ ವಿಚಾರದಲ್ಲಿ ನಾನೇ ಪಂಡಿತ.

ನಾನು ಎಡಗೈ. ನಿಂತು ರೈಫಲ್ ಹೊಡೆಯುವಾಗ ನಿಮ್ಮೆಲ್ಲರ ಮುಖ ಬಲಕ್ಕಾದರೆ ನನ್ನದು ಎಡಕ್ಕೆ. ಮುಂದಿನ ತೋಟಾ ತಾನೇ ತುಂಬಿಕೊಳ್ಳೋ ಸೆಮಿ ಆಟೋಮ್ಯಾಟಿಕ್‌ಗಳಲ್ಲಿ ಹೆಚ್ಚಿನವು ಕೇಸ್ ಎಸೆಯೋದು ಬಲಕ್ಕೆ. ಹಾಗಾಗಿ ಎಡಪಕ್ಕದವರು ಹೊಡೆದಿದ್ದೆಲ್ಲ ನೇರ ನನ್ನ ಮುಖಕ್ಕೆ ಅರ್ಪಣೆ. ಕನ್ನಡಕ ಇಲ್ಲದೆ ಫೈರಿಂಗ್ ಲೈನಿಗೆ ಕಾಲಿಡೋದೇ ಇಲ್ಲ. ಮುಂದೆ ಚಾಚಿದ ಟೊಪ್ಪಿ, ಕುತ್ತಿಗೆಗೆ ಅಂಟಿಕೊಂಡಿರೋ ಅಂಗಿ, ಮುಚ್ಚಿದ ಬೂಟು. ಮೇಲಿನ ಎರಡು ಗುಂಡಿ ಬಿಚ್ಚಿಕೊಂಡು ಬರೋ ಶೋಕಿಗೆ ರೇಂಜ್ ಜಾಗ ಅಲ್ಲ.

ಹೇಳಬಹುದಾ ಅಂದರೆ, ಧಾರಾಳವಾಗಿ. "ಸರ್, ನಿಮ್ಮ ಕೇಸ್ ಇಲ್ಲಿಗೆ ಬರ್ತಿದೆ, ಒಂದಡಿ ಹಿಂದೆ ಸರಿದು ಹೊಡೀತೀರಾ?" ಅಷ್ಟೇ. ಅಥವಾ ಆಫೀಸರ್‌ಗೆ ಹೇಳಿ, ನಡುವೆ ಒಂದು ಪರದೆ ಹಲಗೆ ಇದ್ದರೆ ಇಟ್ಟುಕೊಡ್ತಾರೆ. ಆದರೆ ಕೇಳೋದು ಅವರು ಹೊಡೆದು ಮುಗಿಸಿ ಬಂದೂಕು ಕೆಳಗಿಟ್ಟ ಮೇಲೆ. ಗುರಿ ಹಿಡಿದವರ ಭುಜ ತಟ್ಟಬೇಡಿ, ಯಾವತ್ತೂ.

ಮೂರನೇ ಲೇನ್:

ನನಗೆ ಇದು ಅತಿ ಅನ್ನಿಸುತ್ತೆ. ಬೋಲ್ಟ್ ತೆರೆದಿತ್ತು, ತೋಟಾ ಇರಲಿಲ್ಲ, ಅಂದಮೇಲೆ ಅದೊಂದು ಕಬ್ಬಿಣದ ಕೊಳವೆ. ಯಜಮಾನರು ಮರಳು ಚೀಲ ಸರಿಮಾಡಿಕೊಳ್ತಿದ್ದರೇನೋ. ಇಪ್ಪತ್ತು ವರ್ಷದಿಂದ ಕೋವಿ ಹಿಡಿದವರಿಗೆ ಖಾಲಿ ಯಾವುದು, ತುಂಬಿದ್ದು ಯಾವುದು ಗೊತ್ತಿರಲ್ವಾ? ಹೊಸಬರಿಗೆ ನಿಯಮಪುಸ್ತಕದ ಭೂತ ಹಿಡಿದಿರುತ್ತೆ, ಒಂದು ವರ್ಷ ಹೋಗಲಿ, ತಾನೇ ಇಳಿಯುತ್ತೆ.

ಹಳೇ ಸೀಟಿ:

ಹನ್ನೊಂದು ವರ್ಷ ರೇಂಜ್ ಆಫೀಸರ್ ಆಗಿ ನಿಂತವನು ನಾನು. ಈಗ ಮಂಡಿ ನೋವು, ಬಿಟ್ಟಿದ್ದೀನಿ.

ಮೂರನೇ ಲೇನ್ ಅವರೇ, ನಿಮ್ಮ ಮಾತನ್ನೇ ಹಿಡಿದು ಶುರುಮಾಡ್ತೀನಿ. ಬೋಲ್ಟ್ ತೆರೆದಿತ್ತು ಅನ್ನೋದು ಯಾರಿಗೆ ಗೊತ್ತಿತ್ತು? ಆ ಯಜಮಾನರಿಗೆ. 50 ಮೀಟರ್ ಆಚೆ ಬೆನ್ನು ಹಾಕಿ ಪೇಪರ್ ಅಂಟಿಸ್ತಾ ಇದ್ದವನಿಗೆ ಕಾಣ್ತಿತ್ತಾ? ಒಂದು ದಿನ ನೀವೇ ಅಲ್ಲಿ ನಿಂತು ನೋಡಿ, ಅಷ್ಟು ದೂರದಿಂದ ಬೋಲ್ಟ್ ಕಾಣಲ್ಲ, ಬಂದೂಕು ಖಾಲಿ ಅಂತ ತೋರಿಸೋಕೆ ಸಿಕ್ಕಿಸೋ ಕೇಸರಿ ಸೇಫ್ಟಿ ಫ್ಲ್ಯಾಗ್ ಕೂಡ ಕಂಡರೆ ಕಂಡೀತು. ಕಾಣೋದು ಎರಡೇ: ಮನುಷ್ಯ ಗೆರೆಯ ಹಿಂದಿದ್ದಾನಾ, ಮುಂದಿದ್ದಾನಾ. ಕೈ ಬಂದೂಕಿನ ಮೇಲಿದೆಯಾ, ಇಲ್ಲವಾ. ಲೈನ್ ತಣ್ಣಗಿರುವಾಗ, ಅಂದರೆ ಹೊಡೆಯೋದು ನಿಂತಿರುವಾಗ, ಮುಟ್ಟಬಾರದು ಅನ್ನೋ ನಿಯಮ ನಿಮ್ಮ ರೈಫಲ್ ಖಾಲಿಯೋ ಅಲ್ಲವೋ ಅನ್ನೋ ಪ್ರಶ್ನೆಗೆ ಮಾಡಿದ್ದಲ್ಲ. ಮುಂದೆ ಹೋದವನು ಹಿಂತಿರುಗಿ ನೋಡಿದಾಗ ಉಸಿರಾಡೋ ಹಾಗಿರಲಿ ಅಂತ ಮಾಡಿದ್ದು. ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಷನ್ ಐಎಸ್‌ಎಸ್‌ಎಫ್ ನಿಯಮದಲ್ಲೂ ಇದೇ: ಫೈರಿಂಗ್ ಲೈನಿನ ಮುಂದೆ ಜನ ಇರುವಾಗ ಬಂದೂಕಿಗೆ ಕೈ ಹಾಕುವ ಹಾಗಿಲ್ಲ. ಅಲ್ಲಿ ಆಡೋರು ಒಲಿಂಪಿಕ್ಸ್‌ನವರು. ಅವರಿಗೂ ಖಾಲಿ ಯಾವುದು, ತುಂಬಿದ್ದು ಯಾವುದು ಗೊತ್ತಿರುತ್ತೆ.

ಇನ್ನು ಗೊತ್ತಿರೋ ವಿಚಾರ. ನನ್ನದೇ ಒಂದು ಹೇಳ್ತೀನಿ, ಹೆಮ್ಮೆಯಿಂದ ಅಲ್ಲ. ಸೇರಿ ಎರಡನೇ ವರ್ಷ. ತುಂಬಿದ ಭಾನುವಾರ. ಸೀಸ್ ಫೈರ್ ಕೂಗಿ ಒಂದು ಕಡೆಯಿಂದ ನೋಡ್ತಾ ಬಂದೆ. ನಾಲ್ಕನೇ ಲೇನಿನಲ್ಲಿ ಒಬ್ಬರು ಪಿಸ್ತೂಲು ಹೊಡೀತಿದ್ದರು, ಪರಿಚಯದವರು. "ಕ್ಲಿಯರ್" ಅಂದರು, ನಾನು ತಲೆಯಾಡಿಸಿ ಮುಂದೆ ಹೋದೆ. ನೋಡಲಿಲ್ಲ, ಕೇಳಿಸಿಕೊಂಡೆ ಅಷ್ಟೇ. ಜನ ಮುಂದೆ ಹೋಗಿ ಬಂದರು. ಲೈನ್ ಮತ್ತೆ ಬಿಸಿಯಾದ ಮೇಲೆ ಅವರು ಪಿಸ್ತೂಲು ಎತ್ತಿ, ಹೊಸ ಮ್ಯಾಗಜಿನ್ (ತೋಟಾ ತುಂಬಿದ ಡಬ್ಬಿ) ಹಾಕೋ ಮುಂಚೆ ಅಭ್ಯಾಸಬಲದಿಂದ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರೋ ಭಾಗ) ಎಳೆದರು. ಟಣ್ ಅಂತ ಒಂದು ತುಂಬಿದ ತೋಟಾ ಟೇಬಲ್ ಮೇಲೆ ಬಿತ್ತು. ಇಬ್ಬರೂ ಅದನ್ನೇ ನೋಡ್ತಾ ನಿಂತೆವು. ಎರಡು ನಿಮಿಷ ಹಿಂದೆ ಅದೇ ಪಿಸ್ತೂಲಿನ ಎದುರು ಹತ್ತು ಜನ ಓಡಾಡಿದ್ದರು.

ಆಗಿದ್ದೇನು ಅಂದರೆ ಅವರು ಮೊದಲು ಸ್ಲೈಡ್ ಎಳೆದು ಒಂದು ತೋಟಾ ಹೊರಗೆ ಹಾಕಿದ್ದರು, ಆಮೇಲೆ ಮ್ಯಾಗಜಿನ್ ತೆಗೆದಿದ್ದರು. ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಜಿನ್‌ನಿಂದ ಇನ್ನೊಂದನ್ನು ಚೇಂಬರ್‌ಗೆ (ನಳಿಗೆಯ ಬುಡದಲ್ಲಿ ತೋಟಾ ಕೂರೋ ಜಾಗ) ತುಂಬಿಕೊಂಡೇ ಹೋಗಿತ್ತು. ಕ್ರಮ ತಿರುಗಾಮುರುಗಾ, ಬೇರೇನೂ ಅಲ್ಲ. ಮೊದಲು ಮ್ಯಾಗಜಿನ್, ಆಮೇಲೆ ಸ್ಲೈಡ್, ಸ್ಲೈಡ್ ಹಿಂದಕ್ಕೆ ಲಾಕ್, ಆಮೇಲೆ ಕಣ್ಣಲ್ಲಿ ನೋಡೋದು, ಬೆರಳಿನ ತುದಿಯಲ್ಲಿ ಮುಟ್ಟಿಯೂ ನೋಡೋದು. ಅವತ್ತಿನಿಂದ ನಾನು ಯಾರ "ಕ್ಲಿಯರ್" ಅನ್ನೋ ಮಾತನ್ನೂ ತಗೊಂಡಿಲ್ಲ. ಅಪ್ಪ ಬಂದು ಹೇಳಿದರೂ ಬಗ್ಗಿ ಚೇಂಬರ್ ನೋಡ್ತಿದ್ದೆ. ಜನ ಬೈದುಕೊಳ್ತಿದ್ದರು, ತಡ ಮಾಡ್ತಾನೆ ಅಂತ. ಬೈಯಲಿ.

ಗಲಾಟೆ ರೇಂಜಲ್ಲಿ ಅಪಾಯ ಯಾವ ಕಡೆಯಿಂದ ಬರುತ್ತೆ ಅಂತ ಕೇಳಿದರೆ, ಪುಂಡರಿಂದ ಅಲ್ಲ. ಪುಂಡರು ದೂರದಿಂದಲೇ ಕಾಣಿಸ್ತಾರೆ, ಅವರ ಮೇಲೆ ಒಂದು ಕಣ್ಣು ಇಟ್ಟೇ ಇರ್ತೀವಿ. ನನ್ನನ್ನು ಬೆವರಿಸಿದವರು ವಿನಯವಂತರು. ಪಿಸ್ತೂಲು ಸಿಕ್ಕಿಹಾಕಿಕೊಳ್ಳುತ್ತೆ, ಪಾಪ ಮರ್ಯಾದೆಯಾಗಿ ನನ್ನ ಕಡೆ ಪೂರ್ತಿ ತಿರುಗಿ "ಸರ್, ಇದು ಯಾಕೋ ಬರ್ತಿಲ್ಲ" ಅಂತಾರೆ. ಕೈಯಲ್ಲಿ ಪಿಸ್ತೂಲು. ಮೂತಿ ಏಳು, ಆರು, ಐದನೇ ಲೇನಿನವರ ಸೊಂಟ ಸವರಿಕೊಂಡು ಬಂದು ನನ್ನ ಹೊಟ್ಟೆಗೆ ನಿಲ್ಲುತ್ತೆ. ಬೆರಳು ಟ್ರಿಗರ್ ಮೇಲೆ ಇರುತ್ತೆ, ಯಾಕಂದರೆ ಅದು ಯಾಕೆ ಹಾರಲಿಲ್ಲ ಅನ್ನೋದೇ ತಲೆಯಲ್ಲಿ. ಸಿಕ್ಕಿಕೊಂಡರೆ ತಿರುಗಬೇಡಿ. ಮೂತಿ ಮುಂದಕ್ಕೇ ಇರಲಿ, ಬೆರಳು ಹೊರಗೆ ತೆಗೀರಿ, ಬಂದೂಕು ಹಿಡಿಯದ ಕೈ ಮೇಲೆತ್ತಿ. ನಾನು ನಿಮ್ಮ ಹತ್ರ ಬರ್ತೀನಿ, ಸಂಬಳ ಕೊಡೋದೇ ಅದಕ್ಕೆ. ಬಿಸಿ ಕೇಸ್ ಅಂಗಿಯೊಳಗೆ ಬಿದ್ದರೂ ಇದೇ. ಕುಣಿಯಬೇಡಿ, ಬಂದೂಕು ಹಿಡಿದ ಕೈಯಲ್ಲಿ ಕುತ್ತಿಗೆ ಬಡಿದುಕೊಳ್ಳಬೇಡಿ. ಸುಡುತ್ತೆ, ಸುಡಲಿ, ಮೊದಲು ಬಂದೂಕು ಕೆಳಗಿಡಿ.

ಟ್ರಿಗರ್ ಎಳೆದು "ಕ್ಲಿಕ್" ಅಂದು ಏನೂ ಆಗದಿದ್ದರೆ ತಕ್ಷಣ ಬೋಲ್ಟ್ ತೆಗೀಬೇಡಿ. ಮೂತಿ ಮುಂದಕ್ಕಿಟ್ಟು ಕನಿಷ್ಠ 30 ಸೆಕೆಂಡ್ ಎಣಿಸಿ, ಕೆಲವೊಮ್ಮೆ ಮದ್ದು ತಡವಾಗಿ ಹತ್ತಿಕೊಳ್ಳುತ್ತೆ. ಸದ್ದು ಪುಸ್ ಅಂತ ಸಪ್ಪಗಿದ್ದರೆ ಇನ್ನೂ ಕೆಟ್ಟದ್ದು, ಗುಂಡು ನಳಿಗೆಯಲ್ಲೇ ಕೂತಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತೆ, ಸೀಳುತ್ತೆ. ಪಕ್ಕದ ಲೇನಿನವರ ಸದ್ದಲ್ಲಿ ನಿಮ್ಮ ಪುಸ್ ನಿಮಗೇ ಕೇಳಿಸದೆ ಹೋಗುತ್ತೆ ನೋಡಿ, ಅದು ತುಂಬಿದ ರೇಂಜಿನ ಕಷ್ಟ. ಪೇಪರ್ ಮೇಲೆ ತೂತು ಬೀಳದಿದ್ದರೂ ಅನುಮಾನ ಪಡಿ.

ಇನ್ನು ಹೊಸಗುರಿ ಅವರ ಪ್ರಶ್ನೆ. ನೀವು ಅಲ್ಲೇ ಗಟ್ಟಿಯಾಗಿ ಕೂಗಬೇಕಿತ್ತು. "ಹತ್ತನೇ ಲೇನ್, ಕೈ ತೆಗೀರಿ" ಅಂತ. ಸ್ಟಾಪ್ ಅನ್ನೋ ಮಾತು ಆಫೀಸರ್ ಒಬ್ಬನದೇ ಅಲ್ಲ, ಬಹುತೇಕ ರೇಂಜುಗಳಲ್ಲಿ ಅಪಾಯ ಕಂಡ ಯಾರು ಬೇಕಾದರೂ ಕೂಗಬಹುದು. ಹೊಡೆಯೋಕೆ ಶುರುಮಾಡಿ ಅನ್ನೋದು ಮಾತ್ರ ಆಫೀಸರ್ ಬಾಯಿಂದಲೇ ಬರಬೇಕು. ಕೂಗೋದಕ್ಕೆ ಸಂಕೋಚ ಆದರೆ ಟಾರ್ಗೆಟ್ ಬಿಟ್ಟು ಪಕ್ಕಕ್ಕೆ ಸರಿದು ಎರಡೂ ಕೈ ಮೇಲೆತ್ತಿ ಆಫೀಸರ್ ಕಡೆ ಬೀಸಿ. ನನಗೆ ಹಾಗೆ ಕೈ ಬೀಸಿದವರ ಮೇಲೆ ಯಾವತ್ತೂ ಕೋಪ ಬಂದಿಲ್ಲ. ಆ ಹೊತ್ತಲ್ಲಿ ಎರಡನೇ ಲೇನಿನಲ್ಲಿ ಪಾಠ ಮಾಡ್ತಾ ನಿಂತಿದ್ದ ಆಫೀಸರ್ ಮೇಲೆ ಬರ್ತಿದೆ. ಜನ ಮುಂದೆ ಇದ್ದಾಗ ಅವನ ಕಣ್ಣು ಟೇಬಲ್‌ಗಳ ಮೇಲಿರಬೇಕು.

ಹತ್ತು ಮೀಟರ್:

ಹಳೇ ಸೀಟಿ ಸರ್ ಹೇಳಿದ ಮೇಲೆ ನನ್ನದು ಚಿಲ್ಲರೆ. ನಾನು ಏರ್ ಪಿಸ್ತೂಲು, ಮಗಳು ಏರ್ ರೈಫಲ್.

ಏರ್ ಗನ್ ಅಂದರೆ ಆಟದ ಸಾಮಾನು ಅಂದುಕೊಂಡು ಬರೋರು ತುಂಬಾ ಜನ. 4.5 ಮಿಲಿಮೀಟರ್ ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ಕಣ್ಣಿಗೆ ಬಿದ್ದರೆ ಕಣ್ಣು ಹೋಯ್ತು. ಸ್ಪರ್ಧೆಯಲ್ಲಿ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಎಳೆತ ತಡೆಯಬೇಕು. ಏರ್ ರೈಫಲ್‌ಗೆ ಅಂಥ ಮಿತಿಯೇ ಇಲ್ಲ, ಮಗಳ ರೈಫಲ್ಲಿನ ಟ್ರಿಗರ್ ಉಸಿರು ತಾಗಿದರೆ ಹೋಗುತ್ತೆ ಅಂತ ನಾವು ತಮಾಷೆ ಮಾಡ್ತೀವಿ. ಅದನ್ನು ಬೇರೆಯವರು "ನೋಡ್ಲಾ ಸ್ವಲ್ಪ?" ಅಂತ ಎತ್ತಿಕೊಂಡುಬಿಡ್ತಾರೆ. ಕೇಳದೆ ಇನ್ನೊಬ್ಬರ ಬಂದೂಕು ಮುಟ್ಟಬಾರದು ಅನ್ನೋದನ್ನ ದೊಡ್ಡವರಿಗೇ ಹೇಳಬೇಕಾಗಿ ಬಂದಿದೆ ನನಗೆ. ನಮ್ಮಲ್ಲಿ ಸೇಫ್ಟಿ ಫ್ಲ್ಯಾಗ್ ಅಂದರೆ ನಳಿಗೆಯ ಪೂರ್ತಿ ಉದ್ದಕ್ಕೂ ಹೋಗೋ ಕೇಸರಿ ದಾರ, ಚೇಂಬರ್ ಕಡೆಯಿಂದ ತೂರಿಸಿದರೆ ಮೂತಿಯಲ್ಲಿ ತುದಿ ಇಣುಕಬೇಕು. ಅದು ಇಣುಕುತ್ತಿದ್ದರೆ ಒಳಗೆ ಪೆಲೆಟ್ ಇಲ್ಲ, ಯಾರ ಮಾತೂ ನಂಬಬೇಕಾಗಿಲ್ಲ. .22 ನವರೂ ಚೇಂಬರ್‌ಗೆ ಸಿಕ್ಕಿಸೋ ಚಿಕ್ಕ ಫ್ಲ್ಯಾಗ್ ಇಟ್ಟುಕೊಳ್ಳಿ.

ಬೇರೆಯವರ ತೂತಿನ ಬಗ್ಗೆ. ತುಂಬಿದ ಲೈನಿನಲ್ಲಿ ಸ್ಕೋಪಿನೊಳಗೆ ಒಂದೇ ಥರದ ಕಪ್ಪು ವೃತ್ತಗಳ ಸಾಲು ಕಾಣುತ್ತೆ, ಮೊಣಕೈ ಒಂದು ಬೆರಳಷ್ಟು ಜರುಗಿದರೂ ಪಕ್ಕದವರ ಮನೆಗೆ ಹೋಗಿಬಿಡ್ತೀವಿ. ಸ್ಪರ್ಧೆಯಲ್ಲಿ ಹಾಗೆ ಹೊಡೆದವರಿಗೆ ಆ ಗುಂಡು ಸೊನ್ನೆ. ಅಭ್ಯಾಸದಲ್ಲಿ ಇದೊಂದು ನಗುವ ವಿಷಯ, ಜಗಳದ್ದಲ್ಲ. ಆದರೆ ಮತ್ತೆ ಮತ್ತೆ ಬೀಳ್ತಿದ್ದರೆ ಹೇಳಿ. ನಾನೇ ಒಂದ್ಸಲ ಆರು ಗುಂಡು ಪಕ್ಕದವರಿಗೆ ದಾನ ಮಾಡಿ, ನನ್ನ ಪೇಪರ್ ಖಾಲಿ ಇದೆಯಲ್ಲ ಅಂತ ಸೈಟ್ ತಿರುಗಿಸ್ತಾ ಕೂತಿದ್ದೆ. ಅವರು ಪೂರ್ತಿ ಆರೂ ಆಗೋವರೆಗೆ ಸುಮ್ಮನಿದ್ದು ಆಮೇಲೆ "ಮೇಡಂ, ಗುಂಪು ಚೆನ್ನಾಗಿ ಬಿದ್ದಿದೆ" ಅಂದರು.

ಕಿವಿ ಬಗ್ಗೆ ಯಾರೂ ಹೇಳಲಿಲ್ಲ. .22 ರೈಫಲ್ಲೇ ಸುಮಾರು 140 ಡೆಸಿಬೆಲ್, ದೊಡ್ಡ ರೈಫಲ್‌ಗಳು 160 ದಾಟುತ್ತವೆ. ತಗಡಿನ ಸೂರಿನ ಕೆಳಗೆ ಸದ್ದು ವಾಪಸ್ ಬಡಿಯುತ್ತೆ. ನೀವು ಹೊಡೀತಿಲ್ಲ ಅಂತ ಇಯರ್‌ಮಫ್ ತೆಗೆದು ಬೆಂಚಲ್ಲಿ ಹರಟಬೇಡಿ, ಪಕ್ಕದವರು ಹೊಡೀತಿದ್ದಾರಲ್ಲ. ಕನ್ನಡಕದ ದಪ್ಪ ಕಡ್ಡಿ ಮಫ್‌ನ ಮೆತ್ತೆಯನ್ನು ಎತ್ತಿ ಸಂದು ಬಿಡುತ್ತೆ, ಅದಕ್ಕೇ ನಾನು ದೊಡ್ಡ ಬಂದೂಕುಗಳು ಬಂದ ದಿನ ಒಳಗೆ ಪ್ಲಗ್, ಮೇಲೆ ಮಫ್ ಎರಡೂ ಹಾಕ್ತೀನಿ.

ಕೈ ತೊಳೀರಿ. ತಿನ್ನೋ ಮುಂಚೆ ಖಂಡಿತ, ಸೋಪು ಹಾಕಿ ತಣ್ಣೀರಲ್ಲಿ. ಸೀಸ ಪೆಲೆಟ್‌ನಲ್ಲೂ ಇದೆ, .22 ಹೊಗೆಯಲ್ಲೂ ಇದೆ. ಮಕ್ಕಳಿಗೆ ನೆಲದ ಕೇಸ್ ಆರಿಸಿ ಟೊಪ್ಪಿಯಲ್ಲಿ ತುಂಬಿಕೊಳ್ಳೋ ಆಸೆ, ಆ ಟೊಪ್ಪಿ ಮತ್ತೆ ತಲೆಗೇ ಹೋಗುತ್ತೆ.

ಕೊನೆಗೆ, ಕೇಳದೆ ಸಲಹೆ ಕೊಡೋ ಅಣ್ಣಂದಿರಿಗೆ ಒಂದು ಕೋರಿಕೆ. ನಾನು ಕೈ ಚಾಚಿ ಉಸಿರು ಹಿಡಿದಿರುವಾಗ ಹಿಂದಿನಿಂದ "ಮಣಿಕಟ್ಟು ಸಡಿಲ ಆಯ್ತು" ಅನ್ನಬೇಡಿ. ಮಣಿಕಟ್ಟು ಸರಿ ಇರುತ್ತೆ, ನಿಮ್ಮ ಮಾತಿಗೆ ಸಡಿಲ ಆಗುತ್ತೆ.

ಮೂರನೇ ಲೇನ್:

ಹಳೇ ಸೀಟಿ ಸರ್, ಮುಂದೆ ಹೋದವನ ಕಣ್ಣಿಂದ ನಾನು ಯೋಚನೆ ಮಾಡಿರಲಿಲ್ಲ. ಒಪ್ಪಿದೆ. ಆದರೆ ಒಂದು ಕೇಳ್ತೀನಿ: ಹೊರಗೆ ಜನ ಕಾಯ್ತಿರುವಾಗ ಹದಿನೈದು ನಿಮಿಷಕ್ಕೊಮ್ಮೆ ಲೈನ್ ನಿಲ್ಲಿಸಿ, ಒಬ್ಬೊಬ್ಬರ ಚೇಂಬರ್ ಬಗ್ಗಿ ನೋಡಿದರೆ ಸರದಿ ಮುಗಿಯೋದು ಯಾವಾಗ?

ಹಳೇ ಸೀಟಿ:

ಸರದಿ ತಡ ಆಗೋದು ಚೇಂಬರ್ ನೋಡೋದರಿಂದ ಅಲ್ಲ ಸ್ವಾಮಿ. ಹನ್ನೆರಡು ಲೇನಿಗೆ ಎರಡು ನಿಮಿಷ ಸಾಕು. ತಡ ಆಗೋದು ಸೀಸ್ ಫೈರ್ ಅಂದ ಮೇಲೆ "ಇನ್ನೊಂದೇ ಒಂದು ಸರ್" ಅನ್ನೋರಿಂದ. ಪೇಪರ್ ಹತ್ರ ನಿಂತು ಫೋಟೊ ತೆಗೆದುಕೊಳ್ಳೋರಿಂದ. ಲೇನ್ ಹಿಡಿದುಕೊಂಡು ಅಲ್ಲೇ ಬಂದೂಕು ಬಿಚ್ಚಿ ಎಣ್ಣೆ ಹಾಕೋರಿಂದ. ನಿಮ್ಮ ತೋಟಾ ಮುಗಿದರೆ ಜಾಗ ಬಿಡಿ, ಬಿಡುವಾಗ ನಿಮ್ಮ ಕೇಸ್ ಗುಡಿಸಿ, ಗುಡಿಸುವ ಮುಂಚೆ ನೆಲಕ್ಕೆ ನೀರು ಚಿಮುಕಿಸಿ, ಧೂಳಿನಲ್ಲೇ ಸೀಸ ಇರೋದು.

ಮತ್ತೆ .22 ಅಂತ ಸದರ ಬೇಡ. ಎಷ್ಟೋ ಡಬ್ಬಿಗಳ ಮೇಲೆ ಅಚ್ಚಾಗಿರುತ್ತೆ, ಒಂದೂವರೆ ಮೈಲಿವರೆಗೆ ಅಪಾಯ ಅಂತ. ಹಿಂದಿನ ಮಣ್ಣಿನ ದಿಬ್ಬ ಇರೋದು ಅದಕ್ಕೆ. ದಿಬ್ಬದ ಮೇಲಿನ ಹಕ್ಕಿಗೆ, ಚೌಕಟ್ಟಿನ ಕಂಬಕ್ಕೆ ಗುರಿ ಇಡೋರನ್ನು ನಾನು ಅವತ್ತೇ ಮನೆಗೆ ಕಳಿಸ್ತಿದ್ದೆ.

ಹೊಸಗುರಿ:

ಎಲ್ಲರಿಗೂ ಥ್ಯಾಂಕ್ಸ್. ಈ ಭಾನುವಾರ ಹೋಗಿದ್ದೆ, ಏನಾಯ್ತು ಅಂತ ಹೇಳದಿದ್ದರೆ ನ್ಯಾಯ ಅಲ್ಲ.

ಹಳೇ ಸೀಟಿ ಸರ್ ಬರೆದಿದ್ದನ್ನು ಓದಿ, ಕೂಗೋಕೆ ತಯಾರಾಗೇ ಹೋಗಿದ್ದೆ. ಆ ಯಜಮಾನರು ಹನ್ನೊಂದರಲ್ಲಿ, ನಾನು ಮತ್ತೆ ಒಂಬತ್ತರಲ್ಲಿ. ನಡುವೆ ಹತ್ತರಲ್ಲಿ ಹದಿನಾಲ್ಕು ಹದಿನೈದರ ಒಬ್ಬ ಹುಡುಗಿ, ಹಿಂದೆ ಅವರಪ್ಪ. ಸೀಸ್ ಫೈರ್ ಆಯ್ತು. ಆಫೀಸರ್ ನೋಡಿಕೊಂಡು ಬಂದರು, ಹೋಗಬಹುದು ಅಂದರು. ನಾನು ಪೇಪರ್ ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಇಟ್ಟೆ. ಸ್ಟೇಪ್ಲರ್ ಇಲ್ಲ. ಟೇಬಲ್ ಮೇಲೇ ಬಿಟ್ಟಿದ್ದೆ, ರೈಫಲ್ಲಿನ ಆಚೆ ಬದಿಗೆ, ಮರಳು ಚೀಲದ ಪಕ್ಕ. ಜನ ಆಗಲೇ ಅರ್ಧ ದಾರಿ ಹೋಗಿದ್ದರು. ನಾನು ವಾಪಸ್ ಬಂದು ಟೇಬಲ್ ಮೇಲೆ ಬಗ್ಗಿ, ರೈಫಲ್ಲಿನ ಹಿಡಿಯ ಮೇಲಿನಿಂದ ಕೈ ಚಾಚಿದೆ.

"ಒಂಬತ್ತನೇ ಲೇನ್! ಕೈ ತೆಗೀರಿ!"

ಮುಂದಿನಿಂದ, ಆ ಹುಡುಗಿ. ಏನು ಗಂಟಲು ರೀ! ಹನ್ನೆರಡು ಲೇನಿನವರೂ ತಿರುಗಿದರು. ನಾನು ಎರಡೂ ಕೈ ಎತ್ತಿ ಹಳದಿ ಗೆರೆ ಹಿಂದಕ್ಕೆ ಹೋಗಿ ನಿಂತೆ, ಕಳ್ಳ ಸಿಕ್ಕಿಬಿದ್ದ ಹಾಗೆ. ಆಫೀಸರ್ ಬಂದು ಏನು ಬೇಕಿತ್ತು ಅಂತ ಕೇಳಿದರು. ಹೇಳಿದೆ. ಅವರು ನನ್ನ ಮುಖ ಒಂದ್ಸಲ ನೋಡಿ, ಸ್ಟೇಪ್ಲರ್ ಕೊಡಲಿಲ್ಲ. "ಈ ಸರದಿ ಪೇಪರ್ ಇಲ್ಲದೇ ಕೂತಿರಿ" ಅಂದರು.

ಕೂತಿದ್ದೆ. ಎಲ್ಲರೂ ಹೊಡೆಯೋದು ನೋಡ್ತಾ. ಹನ್ನೊಂದನೇ ಲೇನಿನ ಯಜಮಾನರು ಹೊಡೆದು ಮುಗಿಸಿ, ರೈಫಲ್ ಖಾಲಿ ಮಾಡಿ ಇಟ್ಟು, ಬೆಂಚಿಗೆ ಬಂದು ನನ್ನ ಪಕ್ಕ ಕೂತರು. ಮಫ್ ಒಂದು ಕಡೆ ಚೂರೇ ಎತ್ತಿ, "ಹೋದ ವಾರ ನನ್ನನ್ನು ನೋಡಿದ್ದಿರಲ್ಲ ನೀವು" ಅಂದರು. ಹೌದು ಅಂದೆ. "ಕೂಗಬೇಕಿತ್ತು ಕಣ್ರೀ" ಅಂತ ಹೇಳಿ ಮಫ್ ಬಿಟ್ಟರು.

ಈಗ ಸ್ಟೇಪ್ಲರ್ ಪ್ಯಾಂಟಿನ ಎಡಜೇಬಿನಲ್ಲಿ. ನಡೆಯುವಾಗ ತೊಡೆಗೆ ಚುಚ್ಚುತ್ತೆ.